ಬಾಲಂಗೋಚಿ ಇಂಗ್ಲಿಷು

ಆರನೇ ಕ್ಲಾಸಿನ ಮಗಳು ಇಂಗ್ಲಿಷ್ ಗ್ರಾಮರ್ ನೋಟ್‌ಬುಕ್ ಹಿಡಿದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದಳು. 20 ಪದ ಕೊಟ್ಟಿದ್ದರು. ಎಡಗಡೆ ನಾಮಪದ, ಇಲ್ಲವೇ ಕ್ರಿಯಾಪದ. ಬಲಗಡೆ ಖಾಲಿ ಗೆರೆ. ಗೆರೆಯ ಮೇಲೆ ಅದರ ಅಡ್ಜೆಕ್ಟಿವ್ ಬರೆಯಬೇಕು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಅದೇನ್ ಮಹಾ! ಗಾಳಿಪಟಕ್ಕೆ ಬಾಲಂಗೋಚಿ ಕಟ್ಟಿದ ಹಾಗೆ. ಹೋಪ್‌ಗೆ ಫುಲ್ ಕಟ್ಟು, ಹೋಪ್‌ಫುಲ್. ಲೆಸ್ ಕಟ್ಟು, ಹೋಪ್‌ಲೆಸ್" ಅಂದೆ. ಒಗ್ಗರಣೆ ಸೀಯುವ ಮೊದಲು ಅವಳನ್ನು ಸಾಗಹಾಕಬೇಕಿತ್ತು, ಅಷ್ಟೇ.

ಐದು ನಿಮಿಷದಲ್ಲಿ ವಾಪಸ್ ಬಂದಳು. ಕೇರ್‌ಫುಲ್, ಕೇರ್‌ಲೆಸ್. ಯೂಸ್‌ಫುಲ್, ಯೂಸ್‌ಲೆಸ್. ಅಲ್ಲಿಯವರೆಗೆ ಎಲ್ಲ ಸರಿ. ಕೆಳಗೆ ನೋಡಿದರೆ ಹೋಮ್‌ಲೆಸ್, ಹೋಮ್‌ಫುಲ್. ಬ್ಯೂಟಿಫುಲ್, ಬ್ಯೂಟಿಲೆಸ್. ಸ್ಲೀಪ್‌ಲೆಸ್, ಸ್ಲೀಪ್‌ಫುಲ್.

"ಹೋಮ್‌ಫುಲ್ ಅಂತ ಇಲ್ಲ ಪುಟ್ಟಿ."

"ಯಾಕಪ್ಪಾ? ಮನೆ ಇಲ್ಲದೋರಿಗೆ ಪದ ಇದೆ, ಮನೆ ಇರೋರಿಗೆ ಯಾಕಿಲ್ಲ?"

ಒಳ್ಳೆ ಪ್ರಶ್ನೆಯೇ. ಮನೆ ಇರುವುದು ಮಾಮೂಲು. ಮಾಮೂಲಿಗೆ ಯಾರೂ ಹೆಸರಿಡಲು ಹೋಗುವುದಿಲ್ಲ. ನಿದ್ದೆಯೂ ಹಾಗೇ. ನಿದ್ದೆ ಬಾರದ ರಾತ್ರಿಯನ್ನು ಮಾರನೇ ದಿನ ಹತ್ತು ಜನಕ್ಕೆ ಹೇಳುತ್ತೇವೆ, ಚೆನ್ನಾಗಿ ನಿದ್ದೆ ಬಂದ ರಾತ್ರಿಯ ಬಗ್ಗೆ ಏನಂತ ಹೇಳೋದು? ಆದರೆ ಇದನ್ನೆಲ್ಲ ಆರನೇ ಕ್ಲಾಸಿಗೆ ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಅವಳು ನಾನು ಹೇಳಿಕೊಟ್ಟ ರೂಲ್ಸನ್ನೇ ಪಾಲಿಸಿದ್ದಳು. ತಪ್ಪಿದ್ದು ಇಂಗ್ಲಿಷು.

ಈ ಲೆಸ್ ಅನ್ನುವ ಬಾಲವನ್ನು ನಂಬುವ ಹಾಗೂ ಇಲ್ಲ. ವರ್ತ್‌ಲೆಸ್ ಅಂದರೆ ಮೂರು ಕಾಸಿನ ಬೆಲೆ ಇಲ್ಲದ್ದು. ಪ್ರೈಸ್‌ಲೆಸ್ ಅಂದರೂ ಬೆಲೆ ಇಲ್ಲದ್ದೇ ಆಗಬೇಕಿತ್ತಲ್ವಾ? ಅಲ್ಲ, ಬೆಲೆ ಕಟ್ಟಲಾಗದ್ದು! ನಮ್ಮಲ್ಲಿ ಇದಕ್ಕಿಂತ ಖಾರವಾದ ಬಾಲ ಇದೆ. ಶೇಮ್‌ಲೆಸ್ ಅನ್ನುವುದನ್ನು 'ನಾಚಿಕೆಯಿಲ್ಲದ' ಅನ್ನಬಹುದು, ಆದರೆ ಸಿಟ್ಟು ಬಂದಾಗ ನಾವು ಬೈಯುವುದು 'ನಾಚಿಕೆಗೆಟ್ಟ' ಅಂತ. ಮಾನಗೆಟ್ಟ, ಗತಿಗೆಟ್ಟ, ಬುದ್ಧಿಗೆಟ್ಟ. ಇಂಗ್ಲಿಷಿನ ಲೆಸ್ ಸುಮ್ನೆ 'ಇಲ್ಲ' ಅಂತ ಲೆಕ್ಕ ಬರೆದು ಹೋಗುತ್ತದೆ. ನಮ್ಮ ಗೆಟ್ಟ ಮಾತ್ರ ಒಂದು ಕಾಲದಲ್ಲಿ ಇತ್ತು, ಇವನೇ ಕೆಡಿಸಿಕೊಂಡ ಅಂತ ಅವನ ಚರಿತ್ರೆಯನ್ನೇ ತೆಗೆಯುತ್ತದೆ.

ಕ್ರಿಯಾಪದಗಳ ಸರದಿ ಬಂದಾಗ ನನ್ನದೇ ಹಳೆಯ ಗಾಯ ನೆನಪಾಯಿತು. ಡಿಗ್ರಿ ಮುಗಿಸಿ ಹೋದ ಮೊದಲ ಇಂಟರ್‌ವ್ಯೂ. ಇಸ್ತ್ರಿ ಮಾಡಿದ ಅಂಗಿ, ಅಣ್ಣನ ಶೂ, ಕನ್ನಡಿ ಮುಂದೆ ನಿಂತು ಉರು ಹೊಡೆದ ಸಾಲು. "ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್" ಅಂದೆ. ಮೇಜಿನ ಆಚೆ ಕೂತಿದ್ದವರು ಕನ್ನಡಕ ತೆಗೆದು, ಅಚ್ಚ ಕನ್ನಡದಲ್ಲಿ, "ಅದನ್ನ ನಾವು ಹೇಳ್ಬೇಕು ಕಣಪ್ಪ" ಅಂದರು. ಆಸಕ್ತಿ ಹುಟ್ಟಿಸುವುದಕ್ಕೆ ಇಂಗ್, ಆಸಕ್ತಿ ಹುಟ್ಟಿದವನಿಗೆ ಎಡ್. ಕೆಲಸ ಇಂಟರೆಸ್ಟಿಂಗು, ನಾನು ಇಂಟರೆಸ್ಟೆಡ್ಡು. ಕೆಲಸವಂತೂ ಸಿಗಲಿಲ್ಲ, ಬಾಲ ಮಾತ್ರ ಆವತ್ತಿನಿಂದ ಮರೆತಿಲ್ಲ.

ಕನ್ನಡದವರು ಇಲ್ಲಿ ಎಡವುವುದಕ್ಕೆ ಕಾರಣ ಇದೆ. ನಮಗೆ ಬೇಜಾರು ಅನ್ನುವುದು ಒಂದೇ ಪದ. ಆ ಸಿನಿಮಾ ಬೇಜಾರು, ನನಗೆ ಬೇಜಾರು. ಪದದ ಬಾಲ ಬದಲಾಗುವುದಿಲ್ಲ. ಬೋರಿಂಗು, ಬೋರ್ಡು ಎಂಬ ವ್ಯತ್ಯಾಸವನ್ನೆಲ್ಲ 'ನನಗೆ' ಅನ್ನುವುದರಲ್ಲಿರುವ 'ಗೆ' ಒಂದೇ ಹೊತ್ತುಕೊಂಡಿದೆ. ಬೇಜಾರು ಎಲ್ಲಿಂದಲೋ ನಡೆದು ನಮ್ಮ ಹತ್ತಿರ ಬರುತ್ತದೆ, ನಾವೇ ಬೇಜಾರಾಗಿ ಕೂರುವುದಿಲ್ಲ.

"ಈಟ್‌ಗೆ ಏನು?" ಅಂದಳು. ಈಟಬಲ್. ಆದರೆ ಎಡಿಬಲ್ ಅಂತಲೂ ಇದೆ. ಇಂಗ್ಲಿಷರ ಮನೆಗೆ ಯಾವಾಗಲೂ ಎರಡು ಬಾಗಿಲು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ ಫ್ರೆಂಚ್ ಕೂತಿತು, ಓದು ಬರಹದಲ್ಲಿ ಲ್ಯಾಟಿನ್ ಮೊದಲೇ ಕೂತಿತ್ತು. ಏಬಲ್ ಎಂಬ ಬಾಲ ಬಂದದ್ದು ಫ್ರೆಂಚಿನಿಂದ. ಅದನ್ನು ತಮ್ಮ ಸ್ವಂತ ಈಟ್, ಡ್ರಿಂಕ್, ವಾಶ್‌ಗಳಿಗೂ ಕಟ್ಟಿಕೊಂಡರು. ನಾವು ನಮ್ಮ ಪಾಲಿಗೆ ಪಾರ್ಸಿಯ ದಾರ ಕಟ್ಟಿ ಪಾಲುದಾರ ಮಾಡಿಕೊಂಡಿಲ್ವಾ, ಹಾಗೆ. ಹಲ್ಲು ಮಾತ್ರ ಟೂತ್, ಹಲ್ಲಿಗೆ ಸಂಬಂಧಿಸಿದ್ದು ಡೆಂಟಲ್. ಹಸು ಕೌ, ಹಸುವಿನದು ಬೊವೈನ್. ನಾಮಪದ ಕೊಟ್ಟಿಗೆಯಿಂದ, ಅಡ್ಜೆಕ್ಟಿವ್ ಪಾಠಶಾಲೆಯಿಂದ. ನಗುವ ಹಾಗಿಲ್ಲ ಬಿಡಿ, ನಮ್ಮಲ್ಲೂ ಹಲ್ಲು ನೋಯುವುದು ಹಲ್ಲಾಗಿಯೇ, ಬೋರ್ಡಿನ ಮೇಲೆ ಅದು ದಂತವೈದ್ಯ.

ಈ ಬಾಲಗಳ ವಿದ್ಯೆಯೇನೂ ನಮಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ನಾಮಪದದಿಂದ ಆದದ್ದು ತದ್ಧಿತಾಂತ, ಧಾತುವಿನಿಂದ ಆದದ್ದು ಕೃದಂತ ಅಂತ ಉರು ಹೊಡೆದಿದ್ದೆವು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ತದ್ಧಿತಕ್ಕೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಕೃದಂತದಲ್ಲಂತೂ ಕನ್ನಡ ಬಲು ಧಾರಾಳಿ. ತಿಂದ, ತಿನ್ನುವ, ತಿನ್ನದ. ಯಾವ ಕ್ರಿಯಾಪದ ಕೊಟ್ಟರೂ ಮೂರು ರೆಡಿ. ಇದೊಂದು ಪದಕ್ಕೆ ಮಾತ್ರ ಆಗಲ್ಲ ಅನ್ನುವ ರಗಳೆ ಕಮ್ಮಿ.

ಆದರೆ ನನಗೆ ಆವತ್ತು ನಿಜವಾಗಿ ಖುಷಿ ಕೊಟ್ಟದ್ದು ಇಂಗ್ಲಿಷಿನ ಅತಿ ಚಿಕ್ಕ ಬಾಲ, ಕೊನೆಗೆ ಅಂಟುವ 'ಇ' ಅನ್ನುವ ಸದ್ದು. ಸಾಲ್ಟಿ, ಆಯ್ಲಿ, ವಾಟರಿ, ಮಡ್ಡಿ, ಲಂಪಿ. ಮಗಳಿಗೆ ಅರ್ಥ ಹೇಳುತ್ತಾ ಹೋದೆ. ಸಾಲ್ಟಿ ಅಂದರೆ ಉಪ್ಪುಪ್ಪು. ಆಯ್ಲಿ ಅಂದರೆ ಜಿಡ್ಡುಜಿಡ್ಡು. ವಾಟರಿ ನೀರುನೀರು. ಮಡ್ಡಿ ಮಣ್ಣುಮಣ್ಣು. ಲಂಪಿ ಅಂದರೆ ನಾನು ಮಾಡುವ ಉಪ್ಪಿಟ್ಟು, ಗಂಟುಗಂಟು. ಹೇಳುತ್ತಿದ್ದ ಹಾಗೆ ನನಗೇ ಹೊಳೆಯಿತು. ಇವರು ಬಾಲ ಕಟ್ಟುವ ಕಡೆ ನಾವು ಪದವನ್ನೇ ಎರಡು ಸಲ ಹೇಳಿಬಿಡುತ್ತೇವೆ! ಅದೂ ಎಲ್ಲಕ್ಕೂ ಅಲ್ಲ. ನಾಲಿಗೆಗೆ, ಕೈಗೆ ಅಂಟುವ ಸಂಗತಿಗಳಿಗೆ ಜಾಸ್ತಿ. 'ಹುಳಿಹುಳಿ' ಅಂದರೆ ಹುಳಿಯ ಲೆಕ್ಕ ಡಬಲ್ ಆಗಲಿಲ್ಲ, ಹುಳಿ ಎಲ್ಲ ಕಡೆ ಹರಡಿಕೊಂಡಿತು. ಗಂಟುಗಂಟು ಅಂದಾಗ ಒಂದೊಂದು ತುತ್ತಿಗೂ ಒಂದೊಂದು ಗಂಟು ಸಿಗುತ್ತದೆ. ಲಂಪಿ ಅಂದರೆ ಆ ಗಂಟು ನನ್ನ ಬಾಯಿಗೆ ಸಿಗುವುದಿಲ್ಲ.

ಇಲ್ಲೂ ಒಂದು ಹಳ್ಳ ಇದೆ, ಎಚ್ಚರ. ಫಿಶಿ ಅಂದರೆ ಮೀನುಮೀನು ಮಾತ್ರ ಅಲ್ಲ, 'ಏನೋ ಗೋಲ್‌ಮಾಲ್ ಇದೆ' ಅಂತಲೂ ಹೌದು. ಮಂಗಳೂರಿನ ಗೆಳೆಯನಿಗೆ ಇದನ್ನು ಹೇಳಿದಾಗ, ಮೀನಿನ ವಾಸನೆ ಬಂದರೆ ಇವರಿಗೆ ಹಸಿವಾಗೋದು ಬಿಟ್ಟು ಅನುಮಾನ ಯಾಕೆ ಬರುತ್ತೆ ಅಂತ ಬಹಳ ನೊಂದುಕೊಂಡ.

ಊಟದ ಹೊತ್ತಿಗೆ 19 ಗೆರೆ ತುಂಬಿದ್ದವು. ಅವಳು ಸಾರು ಸುರಿದುಕೊಂಡು, ನನ್ನ ಮುಖ ನೋಡಿ, "ವಾಟರಿ" ಅಂದಳು. ಅನ್ನ ತಿನ್ನುತ್ತಲೇ ಕಣ್ಣು ಎಳೆಯುತ್ತಿತ್ತು. ಕೈ ತೊಳೆದು ಬಂದವಳು ಸ್ಲೀಪ್‌ಫುಲ್ ಅನ್ನು ರಬ್ಬರಿನಿಂದ ಅಳಿಸಿದಳು. ಸ್ಲೀಪ್‌ಲೆಸ್ ಪಕ್ಕ ಇನ್ನೊಂದು ಬರೀಬಹುದು, ಯೋಚನೆ ಮಾಡು ಅಂದೆ.

ನೋಟ್‌ಬುಕ್ ಮುಚ್ಚಿ ನನ್ನ ತೊಡೆ ಮೇಲೆ ತಲೆಯಿಟ್ಟಳು. "ಅಪ್ಪಾ, ನಾಳೆ ಬರೀತೀನಿ. ನಂಗೀಗ ಸ್ಲೀಪುಸ್ಲೀಪು ಆಗ್ತಿದೆ."