ನೀಲಗಿರಿಗೆ ನೆಂಟರು ಬಂದರು

ಆಡು ಮುಟ್ಟದ ಸೊಪ್ಪಿಲ್ಲ ಎಂದವರು ನೀಲಗಿರಿ ತೋಪು ಕಂಡವರಲ್ಲ. ನಮ್ಮ ಅರಣ್ಯ ಇಲಾಖೆ ಕಂಡಿತು. ಕಂಡದ್ದೇ ತಡ, ಆಡು ಮುಟ್ಟದಿರುವುದೇ ಈ ಮರದ ಮಹಾಗುಣವೆಂದು ಕಡತದಲ್ಲಿ ಬರೆದುಕೊಂಡಿತು. ಬೇಲಿ ಬೇಡ, ಕಾವಲುಗಾರ ಬೇಡ, ದನ ಬಾಯಿ ಹಾಕೀತೆಂಬ ಭಯವಿಲ್ಲ. ನೆರಳು ಹುಡುಕಿಕೊಂಡು ಬಂದ ದಾರಿಹೋಕ ಮಾತ್ರ ಹೊತ್ತು ಸರಿದಂತೆ ತಾನೂ ಮರದ ಸುತ್ತ ಸರಿಯುತ್ತಿರಬೇಕು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಇದನ್ನು ನಾಡಿನಲ್ಲಿ ಹರಡಿದ ಯೋಜನೆಗೆ ಇಟ್ಟ ಹೆಸರು ‘ಸಾಮಾಜಿಕ ಅರಣ್ಯ’. ಯಾವ ಸಮಾಜ ಎಂದು ಕೇಳಬಾರದು. ಕೋಲಾರದಲ್ಲಿ ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಕಾಗದ, ರೇಯಾನು ಕಾರ್ಖಾನೆಗಳ ಸಮಾಜಕ್ಕೆ ಸೇರಿಹೋದವು.

(ಈ ಮರವನ್ನು ನಂದಿಬೆಟ್ಟಕ್ಕೆ 1790ರ ಸುಮಾರಿಗೆ ತರಿಸಿದವನು ಟಿಪ್ಪು ಎನ್ನುತ್ತಾರೆ. ಅವನ ಹೆಸರಿನಲ್ಲಿ ಈಗಾಗಲೇ ಬೇಕಾದಷ್ಟು ಜಗಳಗಳಿವೆ, ಇದೊಂದನ್ನು ಸೇರಿಸುವುದು ಬೇಡ.)

ಊರವರು ಸುಮ್ಮನೆ ಕೂತಿರಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಇಲಾಖೆಯ ನರ್ಸರಿಗೆ ನುಗ್ಗಿ, ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಸರ್ಕಾರಕ್ಕೆ ಸಂದೇಶ ಚೆನ್ನಾಗಿ ಮುಟ್ಟಿತು. ಮರುವರ್ಷವೇ ರೇಯಾನಿಗೆ ಮರದ ತಿರುಳು ಮಾಡುವ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿತು. ಮಲೆನಾಡಿನ ಸುಮಾರು 30,000 ಹೆಕ್ಟೇರ್ ಊರೊಟ್ಟಿನ ಜಮೀನನ್ನು ನೀಲಗಿರಿಯಂಥ ಮರಗಳಿಗೆ ಬರೆದುಕೊಡಲು ಹೊರಟಿತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಕೆಲವು ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ನೀಲಗಿರಿ ಹಾಕಲಿಲ್ಲ.

ಆಮೇಲೆ ಬಂದಳು ಅವಳು.

ಮೈಯುದ್ದ ಒಂದೂಕಾಲು ಮಿಲಿಮೀಟರಿನ ಆಸುಪಾಸು. ತವರು ಆಸ್ಟ್ರೇಲಿಯಾ, ಅಂದರೆ ನೀಲಗಿರಿಯ ಖಾಸಾ ಊರಿನವಳು. ನೀಲಗಿರಿಯ ಗಂಟು ಕಣಜ. 2001ರ ಹೊತ್ತಿಗೆ ಮಂಡ್ಯ ಜಿಲ್ಲೆಯಲ್ಲಿ ಕಾಣಿಸಿಕೊಂಡಳು. ಇಂಥ ಪೀಡೆಗಳನ್ನು ಬಂದರಿನಲ್ಲೇ ತಡೆಯುವುದಕ್ಕೆ ನಮ್ಮಲ್ಲಿ 1914ರಿಂದ ಕಾಯ್ದೆಯಿದೆ. ಕಾಯ್ದೆಯದೇನೂ ತಪ್ಪಿಲ್ಲ. ವಿಜ್ಞಾನಿಗಳು ಅವಳಿಗೆ ಲೆಪ್ಟೊಸೈಬ್ ಇನ್ವೇಸಾ ಎಂದು ನಾಮಕರಣ ಮಾಡಿದ್ದೇ 2004ರಲ್ಲಿ. ಹೆಸರೇ ಇಲ್ಲದವಳನ್ನು ಪಾಪ, ಯಾವ ಪಟ್ಟಿಯಲ್ಲಿ ಹುಡುಕುತ್ತಾರೆ?

ಎಳೆ ಎಲೆಯ ನಡುನರ, ತೊಟ್ಟು, ಚಿಗುರುಕಡ್ಡಿಯೊಳಗೆ ಅವಳು ಮೊಟ್ಟೆಯಿಡುತ್ತಾಳೆ. ಇಟ್ಟಲ್ಲೆಲ್ಲ ಗಂಟು ಏಳುತ್ತದೆ, ಎಲೆ ಮುರುಟುತ್ತದೆ, ಸಸಿ ಬೆಳೆಯುವುದನ್ನೇ ಮರೆಯುತ್ತದೆ. ಬಲಿತ ಮರ ಹೇಗೋ ತಡೆದುಕೊಳ್ಳುತ್ತದೆ, ನರ್ಸರಿಯ ಎಳೆಗಿಡ ಸತ್ತೂ ಹೋಗುತ್ತದೆ. ಇವರ ಸಂತಾನದಲ್ಲಿ ಗಂಡು ಕಾಣಸಿಗುವುದೇ ಅಪರೂಪ, ಗಂಡಿನ ಹಂಗಿಲ್ಲದೆ ಹೆಣ್ಣು ಹೆಣ್ಣನ್ನೇ ಹಡೆಯುತ್ತಾಳೆ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದೂ 2000–01ರಲ್ಲೇ. ಸಾಲವಿಲ್ಲದೆ, ಸಬ್ಸಿಡಿಯಿಲ್ಲದೆ, ಶಾಸಕರ ಭಾಷಣವಿಲ್ಲದೆ ಇಷ್ಟು ಬೇಗ ಹಳ್ಳಿಹಳ್ಳಿ ತಲುಪಿದ ಇನ್ನೊಂದು ಮಹಿಳಾ ಸಂಘ ನನಗೆ ಗೊತ್ತಿಲ್ಲ.

ಊಟದ ಏರ್ಪಾಟಂತೂ ನಮ್ಮದೇ. ಒಂದು ತಾಯಿಮರದ ಕಡ್ಡಿ ಕತ್ತರಿಸಿ, ಬೇರು ಬರಿಸಿ, ಅದರ ಸಾವಿರಾರು ತದ್ರೂಪಿಗಳನ್ನು ಅಳತೆ ಹಿಡಿದು ಸಾಲಾಗಿ ನಿಲ್ಲಿಸಿದ್ದೆವು. ಹತ್ತು ಜಾತಿಯ ಮರವಿರುವ ಕಾಡಿನಲ್ಲಾದರೆ ಕೀಟ ತನ್ನ ಮರ ಹುಡುಕುತ್ತ ಅಲೆಯಬೇಕು. ಇಲ್ಲಿ ಮಠದ ಪಂಕ್ತಿಯಂತೆ ಎಲೆ ಹಾಕಿ, ಎಲ್ಲ ಎಲೆಗೂ ಅದೇ ಅಡುಗೆ ಬಡಿಸಿ ಕಾಯುತ್ತಿದ್ದೆವು.

ಆಡೂ ತಿನ್ನದ ಸೊಪ್ಪಿಗೆ ಕೊನೆಗೂ ಒಂದು ಜೀವಿ ಬಾಯಿ ಹಾಕಿತಲ್ಲ ಎಂದು ಯಾರಾದರೂ ಸಿಹಿ ಹಂಚಬೇಕಿತ್ತು. ಬದಲಿಗೆ ಗಾಬರಿ ಎದ್ದಿತು. ತುಮಕೂರಿನ ರೈತನೂ ಮಂಡ್ಯದ ಕಣಜವೂ ಮಾಡಿದ್ದು ಒಂದೇ ಕೆಲಸ, ನೀಲಗಿರಿ ಸಸಿಯನ್ನು ಮೇಲೇಳಗೊಡಲಿಲ್ಲ. ರೈತ ಮಾಡಿದರೆ ಅದು ಕಾನೂನು-ಸುವ್ಯವಸ್ಥೆಯ ಪ್ರಶ್ನೆ, ಕಣಜ ಮಾಡಿದರೆ ಸಂಶೋಧನಾ ಯೋಜನೆ. ‘ಆಕ್ರಮಣಕಾರಿ ವಿದೇಶಿ ಪ್ರಭೇದ’ ಎಂಬ ಬಿರುದೂ ಅವಳ ಪಾಲಿಗೇ ಬಂತು. ಊರೂರಿನ ಗೋಮಾಳ ನುಂಗಿ ನಿಂತ ವಿದೇಶಿ ಮರ ಅದೇ ವರದಿಯಲ್ಲಿ ‘ಸಂತ್ರಸ್ತ’.

ಹತೋಟಿ ಹೇಗೆ? ಔಷಧಿ ಹೊಡೆದರೆ ಗಂಟಿನೊಳಗೆ ಬೆಚ್ಚಗೆ ಕೂತ ಮರಿಗೆ ಅದು ಸರಿಯಾಗಿ ತಾಗುವುದಿಲ್ಲ. ಹಾಗಾಗಿ ನರ್ಸರಿಗಳಿಗೆ ಹೋದ ತಜ್ಞ ಸಲಹೆಗಳಲ್ಲಿ ಒಂದು: ಗಂಟು ಬಂದ ಸಸಿಗಳನ್ನು ಕಿತ್ತು ಸುಟ್ಟುಹಾಕಿ. 1983ರಲ್ಲಿ ಇದನ್ನೇ ಪುಕ್ಕಟೆ ಮಾಡಿಕೊಟ್ಟ ತಜ್ಞರು ಪಂಚೆ ಉಟ್ಟು ಬಂದಿದ್ದರು, ಅಷ್ಟೇ.

ಗಂಟು ಕಣಜ ಬಂದ ದಶಕದಲ್ಲೇ ಹಾಲುವಾಣಕ್ಕೂ ಇಂಥದೇ ಒಬ್ಬಳು ಆಫ್ರಿಕಾದ ಕಡೆಯಿಂದ ಬಂದಳು. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ, ದನಕ್ಕೆ ಮೇವಾಗುವ ಮರ. ಆದರೆ ಅದರ ಹಿಂದೆ ಕಾರ್ಖಾನೆಯ ಚಿಮಣಿ ಇಲ್ಲವಲ್ಲ! ಹಾಲುವಾಣ ಹೋದಲ್ಲಿ ಸಿಲ್ವರ್ ಓಕ್ ಬಂದು ನಿಂತಿತು. ಅದೂ ಆಸ್ಟ್ರೇಲಿಯಾದ್ದೇ. ಅದರ ನೆಂಟರು ಇನ್ನೂ ವಿಳಾಸ ವಿಚಾರಿಸುತ್ತಿರಬೇಕು.

ನೀಲಗಿರಿಯ ಕಷ್ಟಕ್ಕೆ ಕೊನೆಗೆ ಒದಗಿದವರು ಯಾರು ಗೊತ್ತೆ? ಗಂಟಿನೊಳಗೇ ಇದ್ದು ನಮ್ಮ ನಾಯಕಿಯ ಮರಿಯನ್ನು ತಿಂದು ಬೆಳೆಯುವ ಇನ್ನೊಂದು ಪುಟ್ಟ ಕಣಜ. ಕರ್ನಾಟಕದ ನೀಲಗಿರಿ ತೋಪುಗಳಲ್ಲೇ ಸಿಕ್ಕ ಇದಕ್ಕೆ 2010ರಲ್ಲಿ ಇಟ್ಟ ಹೆಸರು ಮೆಗಾಸ್ಟಿಗ್ಮಸ್ ಧಾರವಾಡಿಕಸ್. ಹೌದು, ಅದೇ ಧಾರವಾಡ. ಹುಳಕ್ಕೆ ಹುಳವನ್ನೇ ಛೂ ಬಿಡುವುದು ವಿಷ ಸುರಿಯುವುದಕ್ಕಿಂತ ಎಷ್ಟೋ ಮೇಲು, ಗಂಟು ಬಿಡಿಸಿ ಕೂತು ಇದನ್ನು ಪತ್ತೆ ಮಾಡಿದವರ ಕಣ್ಣಿಗೆ ನಿಜಕ್ಕೂ ಶರಣು. ಆದರೆ ಸತ್ಯಾಗ್ರಹ ಮಾಡಿ ನೀಲಗಿರಿ ಕಿತ್ತ ಸೀಮೆಯ ಹೆಸರು ಹೊತ್ತವನೇ ಅದಕ್ಕೆ ಅಂಗರಕ್ಷಕನಾಗಿ ನಿಂತನಲ್ಲ, ಇದಕ್ಕೆ ಏನು ಹೇಳೋಣ?

2017ರಲ್ಲಿ ಸರ್ಕಾರ ರಾಜ್ಯದಲ್ಲಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು, ಅಂತರ್ಜಲ ಹೀರುತ್ತದೆ ಎಂದು. ತುಮಕೂರಿನವರು ಸಸಿ ಕಿತ್ತು ಆಗ 34 ವರ್ಷ. ವಿಧಾನಸೌಧದ ಕಡತದ ನಡಿಗೆಗೆ ಇದು ತಡವೇನಲ್ಲ ಬಿಡಿ. ನಿಷೇಧ ನೆಡುವುದಕ್ಕೆ ಮಾತ್ರ. ಆದರೆ ನೀಲಗಿರಿಯನ್ನು ಪ್ರತಿಸಲ ನೆಡುವವರು ಯಾರು? ಕಡಿದ ಬೊಡ್ಡೆಯೇ ಚಿಗುರುತ್ತದೆ, ಕೆಲವು ವರ್ಷಕ್ಕೆ ಮತ್ತೆ ಕಡಿಯುತ್ತಾರೆ, ಅದು ಮತ್ತೆ ಚಿಗುರುತ್ತದೆ. ಆದೇಶದ ಪ್ರತಿ ಬೊಡ್ಡೆಗಳಿಗೆ ಇನ್ನೂ ತಲುಪಿಲ್ಲ. ಆ ಎಳೆ ಚಿಗುರೆಂದರೆ ಗಂಟು ಕಣಜಕ್ಕೆ ಪಂಚಪ್ರಾಣ. ಹೀಗಾಗಿ ನಿಷೇಧವನ್ನು ತೋಪಿನೊಳಗೆ ಇಳಿದು ಜಾರಿ ಮಾಡುತ್ತಿರುವ ಸಿಬ್ಬಂದಿ ಅವಳೊಬ್ಬಳೇ. ಸಂಬಳವಿಲ್ಲ, ಭತ್ಯೆಯಿಲ್ಲ, ವರ್ಗಾವಣೆಗೆ ಮಂತ್ರಿಯ ಚೀಟಿಯಿಲ್ಲ. ಅವಳ ಕೆಲಸಕ್ಕೂ ಈಗ ಧಾರವಾಡದಿಂದ ತಡೆಯಾಜ್ಞೆ ಬಂದಿದೆ.