ತುಂಗಭದ್ರಾ ಎಡದಂಡೆಯಲ್ಲಿ ಭತ್ತಕ್ಕೆ ಕಡಿವಾಣ ಬೇಕೆ?

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಾಗ, 1945ರ ಫೆಬ್ರುವರಿಯಲ್ಲಿ, ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ ಸೇರಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆಯ ಬಹುಪಾಲು ಜಮೀನು ಅರೆ ಖುಷ್ಕಿ ಬೆಳೆಗೆಂದು, ಅಂದರೆ ಅಲ್ಪ ನೀರಾವರಿಯ ಬೆಳೆಗೆಂದು, ಗೊತ್ತಾಗಿತ್ತು. ಇಂದು ಗಂಗಾವತಿಯಿಂದ ಸಿಂಧನೂರಿನವರೆಗೆ ಕಣ್ಣು ಹಾಯಿಸಿದಷ್ಟೂ ಭತ್ತ. ಮೂಲ ಪದ್ಧತಿಯನ್ನು ಮತ್ತೆ ಜಾರಿಗೆ ತರಬೇಕೆ?

ಪರ: ತೂಬಿನ ಅಳತೆ ಮೀರಿದರೆ ರಾಯಚೂರಿಗೆ ನೀರಿಲ್ಲ

ಈ ಕಾಲುವೆಯನ್ನು ಕಟ್ಟಿದ್ದು ಬರಗಾಲದಿಂದ ಬೆಳೆ ಉಳಿಸಲಿಕ್ಕೆ. ಸ್ವಲ್ಪ ನೀರನ್ನು ಬಹಳ ಹೊಲಗಳಿಗೆ ಹಂಚಬೇಕು ಎಂಬುದೇ ಅದರ ಮೂಲ ಲೆಕ್ಕ. ಅದಕ್ಕಾಗಿಯೇ ಒಂದೊಂದು ಸರ್ವೆ ನಂಬರಿಗೂ ಯಾವ ಬೆಳೆ ಎಂದು ಗೊತ್ತುಮಾಡಿದರು. ಜೋಳ, ಹತ್ತಿ, ಶೇಂಗಾಕ್ಕೆ ಒಂದಷ್ಟು, ಭತ್ತಕ್ಕೆ ಅಲ್ಪಸ್ವಲ್ಪ. ತೂಬಿನ ಕೊಳವೆಯನ್ನೂ ಆ ಲೆಕ್ಕಕ್ಕೆ ತಕ್ಕಂತೆಯೇ ಕೂರಿಸಿದರು. ನಮ್ಮ ಎಲ್ಲ ತಕರಾರಿನ ಬೇರು ಈ ಕೊಳವೆಯಲ್ಲಿದೆ.

ಲೆಕ್ಕ ಸರಳ. ನಿಂತ ನೀರಿನ ಭತ್ತಕ್ಕೆ ನಾಟಿಯಿಂದ ಕಟಾವಿನವರೆಗೆ ಸುಮಾರು 1,200 ಮಿ.ಮೀ. ನೀರು ಬೇಕು, ಜೋಳಕ್ಕೆ 500 ಮಿ.ಮೀ. ಸಾಕು. ಹೊಲಕ್ಕೆ ತಲುಪಿದ ಒಂದು ಟಿಎಂಸಿ ನೀರಲ್ಲಿ ಭತ್ತ ಬೆಳೆದರೆ 5,800 ಎಕರೆ, ಜೋಳವಾದರೆ 14,000 ಎಕರೆ. ಅದರ ಮೇಲೆ ಜಲಾಶಯದಲ್ಲಿ ಹೂಳು: ಆರಂಭದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದುದು ಈಗ 105.788ಕ್ಕೆ ಇಳಿದಿದೆ. ನೀರು ಕಡಿಮೆಯಾಯಿತು, ಕೇಳುವ ಬೆಳೆ ದೊಡ್ಡದಾಯಿತು.

ಮೇಲ್ಭಾಗದಲ್ಲಿ ಏನಾಗುತ್ತದೆ ನೋಡಿ. ಆರು ಇಂಚಿನ ಕೊಳವೆ ತೆಗೆದು ಒಂಬತ್ತು ಇಂಚಿನದು ಕೂರಿಸುತ್ತಾರೆ. ಮೂರೇ ಇಂಚು ಹೆಚ್ಚಾಯಿತು ಅಂತ ಕಾಣುತ್ತದೆ, ಆದರೆ ಬಾಯಿಯ ವಿಸ್ತಾರ ಎರಡೂಕಾಲು ಪಟ್ಟಾಯಿತು. ಅಷ್ಟಕ್ಕೇ ನಿಲ್ಲುವುದಿಲ್ಲ. ತೂಬಿನ ಕೆಳಗೆ ಉಪಕಾಲುವೆಗೆ ಅಡ್ಡವಾಗಿ ಮರಳಿನ ಚೀಲ ಒಟ್ಟುತ್ತಾರೆ. ನೀರಿನ ಮಟ್ಟ ಅರ್ಧ ಅಡಿ ಏರಿದರೂ ಅದೇ ಕೊಳವೆ ಇನ್ನಷ್ಟು ಎಳೆಯುತ್ತದೆ. ಏರಿಯ ಮೇಲಿಂದ ಸೈಫನ್ ಪೈಪು ಬೇರೆ, ಪಂಪ್‌ಸೆಟ್ಟು ಬೇರೆ. ಚೀಲಗಳ ಹಿಂದೆ ನಿಂತ ನೀರಿನಲ್ಲಿ ಹೂಳು ಇಳಿದು ಜಂಬು ಹುಲ್ಲು ಬೆಳೆಯುತ್ತದೆ, ಉಪಕಾಲುವೆಯ ಹರಿವು ಮತ್ತೂ ಕುಂದುತ್ತದೆ. 227 ಕಿ.ಮೀ. ಉದ್ದದ ಕಾಲುವೆಯಲ್ಲಿ ಇದು ಹತ್ತಾರು ಕಡೆ ನಡೆದ ಮೇಲೆ ಕೆಳಭಾಗದ ರೈತ 104ನೇ ಮೈಲಿನಲ್ಲಿ ನೀರಿನ ಮಟ್ಟ ತೋರುವ ಗೇಜ್ ನೋಡುತ್ತ ನಿಲ್ಲಬೇಕಾಗುತ್ತದೆ. ಮಾನ್ವಿ, ರಾಯಚೂರು ಕಡೆಯವರು ಅದೇ ಅಚ್ಚುಕಟ್ಟಿನವರು, ಅವರ ಹೊಲವೂ ಅದೇ ಪಟ್ಟಿಯಲ್ಲಿದೆ. ಅವರಿಗೆ ಮಾತ್ರ ನೀರು ಇಲ್ಲ!

ಭತ್ತದಿಂದ ಊರು ಬೆಳೆಯಿತು ಎನ್ನುವವರಿದ್ದಾರೆ. ಹೌದು, ರೈಸ್‌ಮಿಲ್ಲುಗಳು ಎದ್ದವು, ಕರಾವಳಿ ಆಂಧ್ರದಿಂದ ಬಂದವರ ಕ್ಯಾಂಪುಗಳು ಕಾಲುವೆಯ ಉದ್ದಕ್ಕೂ ನೆಲೆ ನಿಂತವು. ಆ ಬೆಳವಣಿಗೆ ನಿಂತಿರುವುದು ಕೆಳಗಿನವರ ಪಾಲಿನ ನೀರಿನ ಮೇಲೆ.

ಮೇಲ್ಭಾಗದ ನೆಲವಾದರೂ ಚೆನ್ನಾಗಿದೆಯೇ? ಎರೆಮಣ್ಣಿನಲ್ಲಿ ನೀರು ಕೆಳಗಿಳಿಯುವುದು ನಿಧಾನ. ವರ್ಷಕ್ಕೆ ಎರಡು ಬೆಳೆ ನೀರು ನಿಲ್ಲಿಸಿದರೆ ಅಂತರ್ಜಲ ನೆಲಮಟ್ಟದಿಂದ ಒಂದೂವರೆ ಮೀಟರಿನೊಳಗೆ ಬಂದು ಕೂರುತ್ತದೆ. ಬೇಸಿಗೆಯಲ್ಲಿ ಆ ನೀರು ಮಣ್ಣಿನ ಸಂದಿಗಳಿಂದ ಮೇಲೇರಿ ಆವಿಯಾಗುತ್ತದೆ, ಉಪ್ಪು ಮೇಲೆಯೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ತಗ್ಗಿನ ಹೊಲಕ್ಕೆ ಕಾಲಿಟ್ಟರೆ ಬಿಳಿ ಪದರ ಹಪ್ಪಳದ ಹಾಗೆ ಮುರಿಯುತ್ತದೆ. ಅದೇ ಸವಳು. ಮಣ್ಣಿನ ಲವಣಾಂಶ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಬಹಳಷ್ಟು ಬೆಳೆಗಳು ಸೊರಗುತ್ತವೆ.

ಮಾಡಬೇಕಾದದ್ದು ಗೊತ್ತಿರುವ ಕೆಲಸವೇ. ಪ್ರತಿ ತೂಬನ್ನು ಮೂಲ ಅಳತೆಗೆ ತಂದು ಸುತ್ತಲೂ ಕಾಂಕ್ರೀಟ್ ಹಾಕಬೇಕು, ಪ್ರತಿ ವಿತರಣಾ ಕಾಲುವೆಯ ತಲೆಯಲ್ಲಿ ಮಾಪನ ಕೂರಿಸಿ ದಿನದ ಲೆಕ್ಕವನ್ನು ಊರಿನಲ್ಲಿ ಬರೆದು ಹಾಕಬೇಕು, ನೀರು ಬಿಡುವುದನ್ನು ಕೆಳಗಿನಿಂದ ಮೇಲಕ್ಕೆ ಸರದಿಯಲ್ಲಿ ಮಾಡಬೇಕು. ಎರಡನೆಯ ಬೆಳೆಗೆ ಭತ್ತ ಬೇಡವೇ ಬೇಡ.

ವಿರೋಧ: ನೆಲ ಬದಲಾಗಿದೆ, ಕಾಗದ ಬದಲಾಗಿಲ್ಲ

ಕೆಳಭಾಗಕ್ಕೆ ನೀರು ಹೋಗಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಅದು ಆಡಳಿತದ ಕೆಲಸ, ಅದನ್ನು ಬೆಳೆಗೆ ಗಂಟು ಹಾಕುವುದು ಬೇಡ. ಮೂಲ ಪದ್ಧತಿಗೆ ಮರಳಬೇಕೆನ್ನುವವರು ಗದ್ದೆಗಳನ್ನೆಲ್ಲ ಒಣಗಿಸಿ ಎಪ್ಪತ್ತು ವರ್ಷದ ಹಿಂದಿನ ನಕ್ಷೆಗೆ ಹೊಂದಿಸಲು ಹೊರಟಂತಿದೆ.

ಗದ್ದೆಗಳ ನಡುವಿನ ಒಂದು ಎಕರೆಯಲ್ಲಿ ಹತ್ತಿ ಹಾಕಿ ನೋಡಿ. ಮೂರು ಕಡೆಯಿಂದ ಬಸಿನೀರು ಬರುತ್ತದೆ. ಬೇರಿಗೆ ಗಾಳಿ ಸಿಗದೆ ಎಲೆ ಹಳದಿಯಾಗಿ, ಕಾಯಿ ಕಟ್ಟುವ ಮೊದಲೇ ಗಿಡ ಬಾಡುತ್ತದೆ. ಜವಳು ಹಿಡಿದ ಹೊಲದಲ್ಲಿ ಅರೆ ಖುಷ್ಕಿ ಬೆಳೆ ಏಳುವುದಿಲ್ಲ. ಸವಳಿನಲ್ಲಿ ಒಂದಿಷ್ಟು ಕೈಗೆ ಬರುವುದು ಭತ್ತವೇ, ಏಕೆಂದರೆ ನಿಂತ ನೀರು ಬೇರಿನ ಸುತ್ತಲಿನ ಉಪ್ಪನ್ನು ತೆಳುಮಾಡಿ ಕೆಳಗೆ ತಳ್ಳುತ್ತದೆ. ಒಬ್ಬೊಬ್ಬ ರೈತನಿಗೆ ಬೇರೆಬೇರೆಯಾಗಿ ಆದೇಶ ಹೊರಡಿಸಿದರೆ ಅದು ನಡೆಯದು.

ಮಿಲ್ಲು, ಗೋದಾಮು, ಖರೀದಿದಾರ, ಕಟಾವು ಯಂತ್ರ ಎಲ್ಲವೂ ಭತ್ತಕ್ಕೆ ಹೊಂದಿಕೊಂಡಿವೆ. ಲೀಸಿಗೆ ಹಿಡಿದವನು ಗುತ್ತಿಗೆಯನ್ನೂ ಭತ್ತದ ಚೀಲದ ಲೆಕ್ಕದಲ್ಲಿ ಮಾತಾಡಿರುತ್ತಾನೆ. ಅವನಿಗೆ ಜೋಳ ಹಾಕು ಎಂದರೆ ಗುತ್ತಿಗೆಯ ಚೀಲ ಎಲ್ಲಿಂದ ತಂದಾನು?

ನೀರು ಉಳಿಸಲು ಬೇರೆ ದಾರಿಗಳಿವೆ. ನಾಟಿ ಮಾಡದೆ ಕೂರಿಗೆಯಿಂದ ನೇರ ಬಿತ್ತುವ ಕೂರಿಗೆ ಭತ್ತ ಈಗಾಗಲೇ ಹೊಲಕ್ಕೆ ಬಂದಿದೆ. ಸಸಿಮಡಿಯೂ ಇಲ್ಲ, ಕೆಸರು ಮಾಡುವುದೂ ಇಲ್ಲ. ಕೆಸರಿಗೇ 200 ಮಿ.ಮೀ. ಆಸುಪಾಸು ನೀರು ಹೋಗುತ್ತದೆ, ಅದು ಉಳಿಯುತ್ತದೆ. ಕಳೆ ಮಾತ್ರ ಕಷ್ಟ. ಬಿತ್ತಿದ ಮೂರು ದಿನದೊಳಗೆ ಹಸಿ ನೆಲದ ಮೇಲೆ ಕಳೆನಾಶಕ ಹೊಡೆಯದಿದ್ದರೆ ಹುಲ್ಲು ಬೆಳೆಯನ್ನು ಮೀರುತ್ತದೆ.

ಸವಳಿಗೆ ನೆಲದೊಳಗಿನ ಬಸಿಗಾಲುವೆ. ಒಂದು ಮೀಟರ್ ಆಳದಲ್ಲಿ, 30ರಿಂದ 50 ಮೀಟರ್ ಅಂತರಕ್ಕೆ ಒಂದರಂತೆ, ತೂತು ಕೊರೆದ 80 ಮಿ.ಮೀ. ವ್ಯಾಸದ ಪಿವಿಸಿ ಕೊಳವೆಗೆ ಜಾಲರಿ ಬಟ್ಟೆ ಸುತ್ತಿ ಹೂಳಬೇಕು. ಬಟ್ಟೆ ಸುತ್ತದೆ ಹೂತರೆ ಎರೆಮಣ್ಣು ತೂತು ಮುಚ್ಚಿ ಹಾಕಿದ ಹಣವೆಲ್ಲ ನೆಲದ ಪಾಲು. ಕೊಳವೆಗಳೆಲ್ಲ ಹಳ್ಳಕ್ಕೆ ಬೀಳಬೇಕು, ಹಳ್ಳದಲ್ಲಿ ಜಂಬು ತುಂಬಿದ್ದರೆ ಬಸಿನೀರು ಮರಳಿ ಹೊಲಕ್ಕೇ. ಮೊದಲು ಹಳ್ಳ ತೋಡಿಸಲಿ. ಬೆಳೆಯ ಮಾತು ಆಮೇಲೆ ಆಡೋಣ.