ಲೈಸೆನ್ಸಿಗೆ ಮಂಗಳಾರತಿ

ಮಂಡ್ಯದ ಯಾವುದಾದರೂ ಬೇಕರಿಯ ಮುಂದೆ ನಿಂತು ಒಂದು ಆಲೂ ಬನ್ನಿಗೆ ಹೇಳಿ. ಅದು ಕೈಗೆ ಬರುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆ ನೋಡಿ. ಚಾಮುಂಡೇಶ್ವರಿ, ಪಕ್ಕದಲ್ಲಿ ತಿಮ್ಮಪ್ಪ, ಅವನ ಪಕ್ಕದಲ್ಲಿ ಅದೇ ಅಳತೆಯ ಫ್ರೇಮಿನೊಳಗೆ ಲೈಸೆನ್ಸು. ಮೂರಕ್ಕೂ ಸೇವಂತಿಗೆ, ಮೂರಕ್ಕೂ ಕುಂಕುಮ. ಊದುಬತ್ತಿ ಸಿಕ್ಕಿಸುವ ಜಾಗ ಮಾತ್ರ ಮೂರನೆಯದರ ಕೆಳಗಿದೆ. ಹೊಗೆ ಕುಡಿದೂ ಕುಡಿದೂ ಕಾಗದದ ಬುಡ ಕಾಫಿ ಬಣ್ಣಕ್ಕೆ ತಿರುಗಿದೆ. ಅವಧಿ ಮುಗಿಯುವ ದಿನಾಂಕ ಇರುವುದೂ ಅಲ್ಲೇ. "ಎಲ್ಲೀಗಂಟ ಐತಣ್ಣ ಇದು?" ಅಂತ ಕೇಳಿ ನೋಡಿ. "ಲೈಸನ್ಸ್ ಐತಲ್ಲ ಸಾ, ಕಾಣಾಕಿಲ್ವಾ?"

ಗಾಜು ಒರೆಸಿ ಇನ್ನೂ ಸ್ವಲ್ಪ ಓದಿದರೆ ಮಜಾ ಇದೆ. ಉದ್ದಿಮೆ ಪರವಾನಗಿಯ ಪಕ್ಕದಲ್ಲೇ, ಅದೇ ಫ್ರೇಮಿಗೆ ತುರುಕಿರುವ ಆಹಾರ ಸುರಕ್ಷತೆಯವರ ಕಾಗದದ ಸಂಖ್ಯೆಗೆ 14 ಅಂಕಿ. ಮೊದಲನೆಯದು 1 ಆಗಿದ್ದರೆ ಲೈಸೆನ್ಸು. 2 ಆಗಿದ್ದರೆ ಅದು ಲೈಸೆನ್ಸೇ ಅಲ್ಲ, ಬರೀ ನೋಂದಣಿ. ಆಮೇಲಿನ ಎರಡು ಅಂಕಿ ರಾಜ್ಯದ್ದು, ನಮ್ಮದು 12. ಅದರ ಮುಂದಿನೆರಡು ಕೊಟ್ಟ ವರ್ಷದ್ದು. 2011ರ ನಿಯಮಾವಳಿ ಲೈಸೆನ್ಸಿಗೂ ನೋಂದಣಿಗೂ ನಡುವೆ ಗೆರೆ ಎಳೆದದ್ದು ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಹತ್ತಿರ. ಅದರೊಳಗಿನ ಸಣ್ಣ ವ್ಯಾಪಾರಿ ಶುಲ್ಕ ಕಟ್ಟಿ "ನಾನೂ ಒಬ್ಬ ಇದ್ದೀನಿ" ಅಂತ ಹೆಸರು ಬರೆಸಿದರೆ ಮುಗಿಯಿತು. ನೋಂದಣಿ ಅಂದರೆ ಹಾಜರಿ ಹಾಕಿಸಿದ್ದು. ಹಾಜರಿ ಹಾಕಿಸಿದವರೆಲ್ಲ ಪಾಸು ಅಂತ ಯಾವ ಮೇಷ್ಟ್ರೂ ಹೇಳುವುದಿಲ್ಲ. ಬೋರ್ಡ್ ಬರೆಯುವವನು ಹೇಳುತ್ತಾನೆ: "ಸರ್ಕಾರಿ ಲೈಸೆನ್ಸ್ ಪಡೆದ ಶುದ್ಧ ತುಪ್ಪದ ಮೈಸೂರು ಪಾಕ್". ಲೈಸೆನ್ಸ್ ಸಿಕ್ಕಿದ್ದು ಅಂಗಡಿಗೋ, ತುಪ್ಪಕ್ಕೋ, ಪಾಕಕ್ಕೋ, ಆ ಮೂರನೇ ಫ್ರೇಮಿನ ದೇವರೇ ಬಲ್ಲ.

ಪದದ ಬೇರು ಹಿಡಿದು ಹೋದರೆ ಲ್ಯಾಟಿನ್ನಿನ ಲಿಸೆನ್ಷಿಯಾ ಸಿಗುತ್ತದೆ. ಬಿಡುವು, ಸಲುಗೆ, ಅತಿಯಾದರೆ ಸ್ವೇಚ್ಛೆ. ಕಾನೂನಿನವರು ಇದಕ್ಕೆ ಮೂಗುದಾರ ಹಾಕಿದ್ದಾರೆ. 1882ರ ಈಸ್‌ಮೆಂಟ್ ಕಾಯ್ದೆಯ, ಅಂದರೆ ಇನ್ನೊಬ್ಬರ ಜಾಗ ಬಳಸುವ ಹಕ್ಕುಗಳ ಕಾಯ್ದೆಯ, 52ನೇ ಕಲಂ ಹೇಳುವುದಿಷ್ಟು: ಅಪ್ಪಣೆ ಇಲ್ಲದಿದ್ದರೆ ಕಾನೂನುಬಾಹಿರ ಆಗುತ್ತಿದ್ದ ಕೆಲಸವನ್ನು ಇನ್ನೊಬ್ಬರ ಜಾಗದಲ್ಲಿ ಮಾಡಲು ಸಿಗುವ ಅವಕಾಶವೇ ಲೈಸೆನ್ಸು, ಆ ಜಾಗದ ಮೇಲೆ ಅದರಿಂದ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ ಮದುವೆ ಛತ್ರ. ಎರಡು ದಿನಕ್ಕೆ ದುಡ್ಡು ಕಟ್ಟಿದ್ದೀರಿ, ಬಾಳೆಕಂದು ಕಟ್ಟಬಹುದು, ವಾಲಗ ಊದಿಸಬಹುದು, ನಾಲ್ಕು ಪಂಕ್ತಿ ಊಟ ಹಾಕಬಹುದು. ಮೂರನೇ ದಿನ ಬೆಳಿಗ್ಗೆ ಬೀಗರೂಟವೂ ಇಲ್ಲೇ ಅಂತ ಕೂತರೆ ಮ್ಯಾನೇಜರ್ ಬಂದು ಮೊದಲು ಫ್ಯಾನ್ ಆಫ್ ಮಾಡುತ್ತಾನೆ, ಆಮೇಲೆ ಮಾತಾಡುತ್ತಾನೆ.

ಅದೇ ಕಾಯ್ದೆಯ 60ನೇ ಕಲಮಿನಲ್ಲಿ ಒಂದು ಕಿಟಕಿ ಇದೆ. ಕೊಟ್ಟ ಅಪ್ಪಣೆಯನ್ನು ಕೊಟ್ಟವರು ಹಿಂಪಡೆಯಬಹುದು; ಆದರೆ ಪಡೆದವನು ಅದನ್ನೇ ನಂಬಿ ಖರ್ಚು ಮಾಡಿ ಶಾಶ್ವತ ಸ್ವರೂಪದ ಕೆಲಸ ಮಾಡಿಬಿಟ್ಟಿದ್ದರೆ ಹಿಂಪಡೆಯುವಂತಿಲ್ಲ. ಇದನ್ನು ಓದದೆಯೇ ಕರಗತ ಮಾಡಿಕೊಂಡವರು ನಮ್ಮ ಜನ. ದಾಯಾದಿಯ ಖಾಲಿ ಸೈಟಿನಲ್ಲಿ "ಒಂದು ಹಸ ಕಟ್ಕೊಳ್ಳಲಾ ದೊಡ್ಡಪ್ಪ?" ಅಂತ ಶುರುವಾಗುತ್ತದೆ. ಯುಗಾದಿಗೆ ಗೂಟ, ಮಳೆಗಾಲಕ್ಕೆ ಶೀಟು, ಗೌರಿ ಹಬ್ಬದ ಹೊತ್ತಿಗೆ ಸಿಮೆಂಟು. ದೊಡ್ಡಪ್ಪನಿಗೆ ಕಲಂ ಗೊತ್ತಾಗುವುದು ದೀಪಾವಳಿಗೆ.

ಕನ್ನಡದಲ್ಲಿ ಪದಕ್ಕೇನು ಬರ ಬಂದಿಲ್ಲ. ಪರವಾನಗಿ, ರಹದಾರಿ, ಸನ್ನದು, ಅನುಜ್ಞೆ, ಅಪ್ಪಣೆ. ಮೊದಲೆರಡು ಪಾರಸಿಯಿಂದ ಬಂದವು, ಸನ್ನದು ಅರಬ್ಬಿಯಿಂದ. ವಕೀಲರಿಗೂ ಸನ್ನದು, ಬ್ರಾಂದಿ ಅಂಗಡಿಗೂ ಸನ್ನದು. ಇಬ್ಬರ ಹತ್ತಿರವೂ ಸಂಜೆ ಹೊತ್ತು ರಶ್ಶು ಜಾಸ್ತಿ ಎಂಬುದು ಕಾಕತಾಳೀಯ. ಪರವಾನಗಿಯ ಮೂಲವಾದ ಪರ್ವಾನಾಕ್ಕೆ ಪಾರಸಿಯಲ್ಲಿ ಇನ್ನೊಂದು ಅರ್ಥವೂ ಇದೆ: ದೀಪಕ್ಕೆ ಮುತ್ತುವ ಪತಂಗ. ಮಾರ್ಚ್ 31ರಂದು ಪಾಲಿಕೆಯ ಕೌಂಟರಿನ ಟ್ಯೂಬ್‌ಲೈಟ್ ಕೆಳಗೆ ನಿಂತವರನ್ನು ನೋಡಿದರೆ ಪಾರಸಿಯವರು ಮೈಸೂರಿಗೆ ಬಂದು ಹೋಗಿದ್ದರೇನೋ ಅನಿಸುತ್ತದೆ. ಇಷ್ಟು ಪದ ಕಚೇರಿಯಲ್ಲಿ. ಬೀದಿಯಲ್ಲಿ ಎಲ್ಲಕ್ಕೂ ಒಂದೇ, "ಲೈಸನ್ಸು". ಆರ್‌ಸಿಯೂ ಲೈಸನ್ಸು, ಪ್ಲಾನ್ ಮಂಜೂರಾತಿಯೂ ಲೈಸನ್ಸು, ಮಗಳು ಒಂದೇ ಸಲ ಬೈದು ಸುಮ್ಮನಾದರೆ ಅಳಿಯನಿಗೆ ಸಿಕ್ಕಿದ್ದೂ ಲೈಸನ್ಸು.

ಆದರೂ ಸುಮ್ಮನೆ "ಲೈಸನ್ಸ್ ಇದೆಯಾ" ಅಂದರೆ ಗಾಡಿಯದು. ಇದರ ಮೊದಲ ಮೆಟ್ಟಿಲಾದ ಕಲಿಯುವವರ ಲೈಸೆನ್ಸಿಗೆ ನಮ್ಮಲ್ಲಿ ಎಲ್‌ಎಲ್‌ಆರ್ ಅನ್ನುತ್ತಾರೆ. ಅದಕ್ಕೆ ಆಯಸ್ಸು 6 ತಿಂಗಳು. ಮೊದಲ 30 ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಅಂದರೆ ಐದು ತಿಂಗಳ ಕಿಟಕಿ. 29ನೇ ದಿನ ಬಂದು ಜಗಳ ಆಡುವವರು ಒಂದು ಪಂಗಡ, ಏಳನೇ ತಿಂಗಳು ಬಂದು ಗೋಗರೆಯುವವರು ಇನ್ನೊಂದು. ಕೆಂಪು ಎಲ್ ಅಕ್ಷರಕ್ಕೂ ಅಳತೆ ಇದೆ: ಬಿಳಿ ಫಲಕ 18 ಸೆಂ.ಮೀ. ಚೌಕಕ್ಕಿಂತ ಚಿಕ್ಕದಿರಬಾರದು, ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ, ಹಿಂದೆ ಮುಂದೆ ಎರಡೂ ಕಡೆ. ನಮ್ಮ ಸ್ಕೂಟರುಗಳಲ್ಲಿ ಇರುವುದು ಬೆಂಕಿಪೊಟ್ಟಣದಷ್ಟು ಸ್ಟಿಕ್ಕರ್, ಹಿಂದೆ ಮಾತ್ರ. ಹಚ್ಚಿದ್ದು ಪಿಯುಸಿಯಲ್ಲಿ, ಕಿತ್ತದ್ದು ಗಾಡಿ ಮಾರುವಾಗ. ಎಲ್ ಇದ್ದರೆ ಪೊಲೀಸರು ಕನಿಕರ ತೋರಿಸುತ್ತಾರೆ ಎಂಬ ನಂಬಿಕೆ.

ಆಮೇಲೆ ಎಂಟು ಹಾಕುವುದು. ಕಾಲು ನೆಲಕ್ಕೆ ತಾಗಿದರೆ ಫೇಲು. ತಾಗುವುದೇಕೆ ಅಂದರೆ ಇನ್‌ಸ್ಪೆಕ್ಟರನ್ನು ಕಂಡ ಹೆದರಿಕೆಗೆ ಕ್ಲಚ್ಚನ್ನು ಪೂರ್ತಿ ಹಿಡಿದುಬಿಡುತ್ತಾರೆ, ವೇಗ ಸಾಯುತ್ತದೆ, ಗಾಡಿ ತಿರುವಿನ ಒಳಕ್ಕೆ ವಾಲುತ್ತದೆ. ಕಣ್ಣು ಬೇರೆ ಮುಂದಿನ ಚಕ್ರದ ಮೇಲೆ. ಅರ್ಧ ಕ್ಲಚ್ಚು, ಸಮನಾದ ಎಕ್ಸಲರೇಟರು, ನೋಟ ತಿರುವಿನಾಚೆ, ಇಷ್ಟಾದರೆ ಎಂಟಲ್ಲ, ಎಂಬತ್ತೆಂಟೂ ಹಾಕಬಹುದು. ಕಾರ್ಡು ಕೈಗೆ ಬಂದ ಮರುದಿನ ಲ್ಯಾಟಿನ್ ಅರ್ಥ ಜಾರಿಗೆ ಬರುತ್ತದೆ. ಮೈಸೂರಿನ ದೇವರಾಜ ಅರಸು ರಸ್ತೆಯ ಒನ್‌ವೇಯಲ್ಲಿ ಎದುರಿಗೆ ಬರುವಾತನನ್ನು ತಡೆದರೆ "ಲೈಸೆನ್ಸ್ ಇದೆ ಸಾರ್" ಅನ್ನುತ್ತಾನೆ. ಇದೆ. ಅದಕ್ಕೇ ಅಲ್ಲವೇ ಕೇಳುತ್ತಿರುವುದು!

ಆಯುಧಪೂಜೆಯ ದಿನ ಗಾಡಿಗೆ ಬೂದುಗುಂಬಳ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಡ್ಯಾಶ್‌ಬೋರ್ಡಿನ ಮೇಲೆ ಲೈಸೆನ್ಸ್ ಇಟ್ಟು ಅರಿಶಿನ ಕುಂಕುಮ. ಅದನ್ನೇ ತಿರುಗಿಸಿ ದಿನಾಂಕ ನೋಡುವ ಸಂಪ್ರದಾಯ ಮಾತ್ರ ಬೆಳೆದುಬಂದಿಲ್ಲ. ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತಿದ್ದ ರಿಯಾಯಿತಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೋಗಿತ್ತು. ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಬಿಳಿ ಮೀಸೆಯೊಂದಿಗೆ ಮತ್ತೆ ಹೋಗಿ ಪರೀಕ್ಷೆ ಕೊಡಬೇಕು. 40 ದಾಟಿದವರಿಗೆ ವೈದ್ಯರ ಸಹಿಯ ಫಾರ್ಮ್ 1ಎ ಬೇರೆ. ಇನ್ನು ಅಪ್ರಾಪ್ತ ಮಗನಿಗೆ ಗಾಡಿ ಕೊಟ್ಟು "ನಮ್ ಹುಡ್ಗ ಹೆಂಗ್ ಓಡುಸ್ತಾನೆ ನೋಡು" ಅನ್ನುವ ಅಪ್ಪಂದಿರಿಗೆ ಅದೇ ಕಾಯ್ದೆಯ 199ಎ ಕಲಮಿನಲ್ಲಿ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮನೆಯಲ್ಲಿ ಸಿಗುವ ಲೈಸೆನ್ಸಿಗೆ ಸರ್ಕಾರ ಹಾಕಿದ ಶುಲ್ಕ ಅದು.

ಲೈಸೆನ್ಸ್ ತೆಗೆಸುವುದು ಗೊತ್ತಿರುವ ನಮಗೆ ಅದನ್ನು ಕೊಡುವವರ ಕಡೆಯ ಮಾತು, ಅದೇ ಲೈಸೆನ್ಸಿಂಗು, ತಲೆಗೆ ಹತ್ತುವುದಿಲ್ಲ. ಉದಾಹರಣೆ ಊರಲ್ಲೇ ಇದೆ. ಮತ ಹಾಕಿದಾಗ ಎಡಗೈ ತೋರುಬೆರಳಿಗೆ ಬಳಿಯುವ ಶಾಯಿ ಮೈಸೂರಿನ ಬಣ್ಣದ ಕಾರ್ಖಾನೆಯದು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. ಆದರೆ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. 1962ರಲ್ಲಿ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ತಯಾರಿಕೆಯ ಲೈಸೆನ್ಸ್ ಇಲ್ಲಿಗೆ ಬಂತು. ಸೂತ್ರದ ಒಡೆತನ ಅವರಲ್ಲೇ ಉಳಿಯಿತು, ಮಾಡುವ ಅಪ್ಪಣೆ ನಮಗೆ ಸಿಕ್ಕಿತು. ಇನ್ನೊಂದು, ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಡಿ ಬಿಟ್ಟುಕೊಟ್ಟದ್ದು. ಯಾರು ಬೇಕಾದರೂ ಬಳಸಬಹುದು, ಷರತ್ತು ಎರಡೇ: ಮೂಲದ ಹೆಸರು ಹೇಳಬೇಕು, ನೀವು ತಿದ್ದಿ ಕೊಟ್ಟರೂ ಅದೇ ಸಲುಗೆಯಲ್ಲಿ ಕೊಡಬೇಕು. ವಾಟ್ಸ್ಆ್ಯಪ್ ಪಂಡಿತರು ಮೊದಲನೆಯದರಲ್ಲೇ ಮಗುಚಿಕೊಳ್ಳುತ್ತಾರೆ.

ತಂತ್ರಾಂಶದಲ್ಲೂ ಇದೇ ಛತ್ರದ ಕಥೆ. ದುಡ್ಡು ಕೊಟ್ಟದ್ದು ಬಳಸಲಿಕ್ಕೆ. ಯಂತ್ರದ ಜೊತೆ ಬಂದ ಲೈಸೆನ್ಸು ಸಾಮಾನ್ಯವಾಗಿ ಆ ಯಂತ್ರದ ಜೊತೆಗೇ ಸಾಯುತ್ತದೆ. ಇದರ ಸೊಗಸು ನೋಡಬೇಕಾದರೆ ಮನೆ ನಕ್ಷೆ ಬರೆಯುವ ಕೆಲವು ಕೋಣೆಗಳಿಗೆ ಹೋಗಬೇಕು. ಕಟ್ಟಡದ ಲೈಸೆನ್ಸಿಗೆ ಪ್ಲಾನ್ ತಯಾರಾಗುವುದು ಲೈಸೆನ್ಸಿಲ್ಲದ ತಂತ್ರಾಂಶದಲ್ಲಿ. ವಿದ್ಯಾರ್ಥಿಗಳಿಗೆಂದು ಕೊಟ್ಟ ಆವೃತ್ತಿಯಲ್ಲಿ ಬರೆದರೆ ಹಾಳೆಯ ನಾಲ್ಕೂ ಅಂಚಿಗೆ "ಕಲಿಕೆಗಾಗಿ ಮಾತ್ರ" ಅಂತ ಮುದ್ರೆ ಬೀಳುತ್ತಿತ್ತು. ಅದಕ್ಕೆ ಮದ್ದು, ಸ್ಕೇಲಿಟ್ಟು ಬ್ಲೇಡಿನಲ್ಲಿ ಅಂಚು ಕತ್ತರಿಸುವುದು.

ಈಗ ಆ ಬೇಕರಿ ಗೋಡೆಗೆ ಬನ್ನಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಉದ್ದಿಮೆ ಪರವಾನಗಿಯ ವರ್ಷ ಮುಗಿಯುತ್ತಿದೆ. ಕೌಂಟರಿನಲ್ಲಿ ಹಿಂದಿನ ವರ್ಷದ ಪ್ರತಿ ಕೇಳಿದ್ದಾರೆ. ಹುಡುಗನನ್ನು ಸ್ಟೂಲ್ ಹತ್ತಿಸಿ ಫ್ರೇಮ್ ಇಳಿಸುತ್ತಾರೆ. ಹಿಂದಿನ ರಟ್ಟಿಗೆ ಹೊಡೆದ ಮೊಳೆಗಳು ತುಕ್ಕು ಹಿಡಿದಿವೆ, ಕಾಗದ ಗಾಜಿಗೆ ಅಂಟಿಕೊಂಡಿದೆ. ಎಳೆದರೆ ಹರಿಯುತ್ತದೆ. ಮೊಬೈಲಲ್ಲಿ ಫೋಟೊ ತೆಗೆದರೆ ಗಾಜಿನಲ್ಲಿ ಟ್ಯೂಬ್‌ಲೈಟು. ಕೊನೆಗೆ ಫ್ರೇಮ್ ಸಮೇತ ಜೆರಾಕ್ಸ್ ಯಂತ್ರದ ಮೇಲೆ ಮಲಗಿಸುತ್ತಾರೆ. ಅರ್ಜಿ ಸಂಖ್ಯೆ ಇರಬೇಕಾದ ಜಾಗದಲ್ಲಿ ದುಂಡಗೆ ಒಂದು ಕಪ್ಪು ಮಚ್ಚೆ ಬರುತ್ತದೆ. "ಏನ್ರೀ ಇದು?" ಅನ್ನುತ್ತಾರೆ ಕೌಂಟರಿನವರು.

"ಕುಂಕುಮ ಸಾ."